ಸಾಕು ಎನ್ನಲು ಬಲ್ಲ ಚಾರ್ಜರ್

ಆಪಾ ಯಾವ ಬ್ಯಾಟರಿಯನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬಳೆಗಳನ್ನು ಮೊಣಕೈಯತ್ತ ಸರಿಸಿ, ಕೈ ಮಗುಚಿ, ಬೆರಳುಗಳ ಹಿಂಬದಿಯನ್ನು ಅದರ ಮೈಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದರು. ಮಗುವಿಗೆ ಜ್ವರ ಬಂದಿದೆಯೋ ಎಂದು ತಾಯಂದಿರು ಹಣೆ ಮುಟ್ಟಿ ನೋಡುತ್ತಾರಲ್ಲ, ಥೇಟ್ ಹಾಗೆ. ಆ ಬೆರಳುಗಳ ತುಂಬ ಸೋಲ್ಡರಿಂಗ್ ಐರನ್ ತಾಗಿ ಆದ ಚಿಕ್ಕ ಚಿಕ್ಕ ಬಿಳಿ ಕಲೆಗಳಿದ್ದವು. ಬಿಸಿ ಅಳೆಯುವ ಮೀಟರು ಪಕ್ಕದಲ್ಲೇ ಇರುತ್ತಿತ್ತು, ಆದರೆ ಮೊದಲು ಕೈ, ಆಮೇಲೆ ಮೀಟರು ಎನ್ನುವುದು ಅವರ ಕ್ರಮ. ಕೈ ತೆಗೆದು "ಪರವಾಗಿಲ್ಲ, ಊಟ ಹಾಕು" ಎಂದರೆ ಚಾರ್ಜಿಂಗ್ ಶುರು ಮಾಡಬಹುದು ಎಂದರ್ಥ. "ಇನ್ನೂ ಸುಸ್ತಲ್ಲಿದಾನೆ, ಮಲಗ್ಲಿ ಬಿಡು" ಎಂದರೆ ಬ್ಯಾಟರಿ ತಣ್ಣಗಾಗುವವರೆಗೆ ನಾವು ಕೆಳಗೆ ಹೋಗಿ ಟೀ ಕುಡಿದು ಬರಬಹುದು.

ಉರ್ದು ಮಾತಾಡುವ ಮನೆಗಳಲ್ಲಿ ಅಕ್ಕನನ್ನು ಆಪಾ ಎನ್ನುತ್ತಾರೆ. ನಮ್ಮ ಕಂಪನಿಯಲ್ಲಿ ಅವರು ಎಲ್ಲರಿಗೂ ಆಪಾ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಮಾಲೀಕರೂ ಆಪಾ ಎನ್ನುತ್ತಿದ್ದರು, ಕೊರಿಯರ್ ತರುವವನೂ ಆಪಾ ಎನ್ನುತ್ತಿದ್ದ. ಬಾಗಲಕೋಟೆ ಕಡೆಯಿಂದ ಬಂದ ನಾನು ಮೊದಲ ವಾರ ಗೌರವಕ್ಕೆಂದು "ಆಪಾ ಮೇಡಂ" ಎಂದು ಎರಡನ್ನೂ ಸೇರಿಸಿ ಕರೆದು ಇಡೀ ಆಫೀಸನ್ನು ನಗಿಸಿದ್ದೆ.

ಕಂಪನಿ ಇದ್ದುದು ಟಿ. ದಾಸರಹಳ್ಳಿಯ ಹಿಂದಿನ ರಸ್ತೆಯೊಂದರಲ್ಲಿ. ಕೆಳಗೆ ಲೇತ್ ಶೆಡ್ಡು, ಮೇಲೆ ನಾವು. ಬ್ಯಾಟರಿ ಚಾರ್ಜರ್ ಮಾಡುವುದು ನಮ್ಮ ಕಸುಬು. ಆಪಾ ಡಿಸೈನ್ ರೂಮಿನ ಮುಖ್ಯಸ್ಥೆ. ಡಿಸೈನ್ ರೂಮು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಎರಡು ಮೇಜು, ಒಂದು ಕಿಟಕಿ, ಮೇಜಿನ ಮೇಲೆ ಬಿಚ್ಚಿಟ್ಟ ಬೋರ್ಡುಗಳು, ಅವುಗಳ ನಡುವೆ ಕೊತ್ತಂಬರಿ ಸೊಪ್ಪಿನ ಕಟ್ಟು. ಸಂಜೆ ಮನೆಗೆ ಒಯ್ಯುವ ತರಕಾರಿಯನ್ನು ಅವರು ಬೆಳಗ್ಗೆಯೇ ಕೊಂಡುಬಿಡುತ್ತಿದ್ದರು, ಸಂಜೆಯದು ಬಾಡಿರುತ್ತದೆ ಎಂದು. ಬೆಳಗ್ಗೆ ಕೊಂಡದ್ದು ಸಂಜೆಗೆ ಬಾಡುವುದಿಲ್ಲವೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನ ಇಂಟರ್‌ವ್ಯೂ ಮಾಡಿದ್ದು ಅವರೇ. ಮಾಲೀಕರು ಪಕ್ಕದಲ್ಲಿ ಕೂತಿದ್ದರು. ನಾನು ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಗಟ್ಟಿ ಮಾಡಿಕೊಂಡು, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಬೆವರುತ್ತ ಕೂತಿದ್ದೆ. ಆಪಾ ನನ್ನ ಮಾರ್ಕ್ಸ್ ಕಾರ್ಡನ್ನು ಮುಟ್ಟಲೇ ಇಲ್ಲ.

"ಮನೇಲಿ ಹಾಲು ಕಾಯ್ಸೋದು ಯಾರಮ್ಮ?" ಎಂದರು.

"ನಾನರೀ."

"ಉಕ್ಕೋಕೆ ಮುಂಚೆ ನಿಂಗೆ ಹೆಂಗ್ ಗೊತ್ತಾಗುತ್ತೆ? ಅಲ್ಲೇ ನಿಂತ್ಕೊಂಡು ನೋಡ್ತಾ ಇರ್ತೀಯಾ?"

"ಇಲ್ರೀ, ಅಷ್ಟ ಹೊತ್ತ ಯಾರ್ ನಿಂದರ್ತಾರ. ಸಪ್ಪಳಾ ಬದಲಾಗ್ತೈತ್ರಿ. ಮೊದಲ ಸುಂಯ್ ಅಂತೈತಿ, ಆಮ್ಯಾಲ ಸುಮ್ಮನಾಗ್ತೈತಿ. ಸುಮ್ಮನಾತು ಅಂದ್ರ ಓಡಿಹೋಗಿ ಗ್ಯಾಸ್ ಆರಿಸ್ಬೇಕ್ರಿ."

ಆಪಾ ಮಾಲೀಕರ ಕಡೆ ತಿರುಗಿ, "ಇವಳೇ ಇರ್ಲಿ ಸಾರ್" ಎಂದರು. ಮಾಲೀಕರು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದರು. ಆಯಿತು, ಅಷ್ಟೇ ಇಂಟರ್‌ವ್ಯೂ. ಹಾಲು ಕಾಯಿಸಿದ್ದಕ್ಕೆ ಕೆಲಸ ಸಿಕ್ಕಿತು ಎಂದು ಮನೆಗೆ ಫೋನ್ ಮಾಡಿದಾಗ ಅವ್ವ ನಂಬಲಿಲ್ಲ. ಅದೇನು ಹೋಟೆಲ್ಲೇ ಎಂದು ಎರಡು ಸಲ ಕೇಳಿದಳು.

ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಅವರ ಇಡೀ ವಿದ್ಯೆ ಆ ಪ್ರಶ್ನೆಯಲ್ಲೇ ಇತ್ತು. ಖಾಲಿ ಬ್ಯಾಟರಿಗೆ ಮೊದಮೊದಲು ಹಸಿವು ಜೋರು, ಕೊಟ್ಟಷ್ಟು ಕರೆಂಟು ತೆಗೆದುಕೊಳ್ಳುತ್ತದೆ. ತುಂಬುತ್ತ ಬಂದಂತೆ ನಿಧಾನವಾಗಿ ಕೊಡಬೇಕು. ತುಂಬಿದ ಮೇಲೆ ನಿಲ್ಲಿಸಲೇಬೇಕು. ನಿಲ್ಲಿಸದಿದ್ದರೆ ಅದು ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ಗ್ರಹಚಾರ ಕೆಟ್ಟರೆ ಹೊತ್ತಿಕೊಳ್ಳುತ್ತದೆ. ಹಾಗಾಗದಂತೆ ಬ್ಯಾಟರಿಯ ವೋಲ್ಟೇಜನ್ನೂ ಬಿಸಿಯನ್ನೂ ನೋಡುತ್ತ, ಬೇಕಾದಾಗ ಕೊಟ್ಟು ಸಾಕಾದಾಗ ತಡೆಯುವ ಸರ್ಕ್ಯೂಟು ಚಾರ್ಜರಿನ ಹೊಟ್ಟೆಯಲ್ಲಿರುತ್ತದೆ. ಅದನ್ನು ಮಾಡುವವರು ಆಪಾ. "ಸುರಿಯೋದು ಯಾರ್ಗಾದ್ರೂ ಬರುತ್ತೆ ಬೇಟಾ. ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ನಮ್ ಕೆಲ್ಸ" ಎನ್ನುತ್ತಿದ್ದರು.

ಇಷ್ಟು ಬಲ್ಲವರು ಊಟಕ್ಕೆ ಕೂತಾಗ ಮಾತ್ರ ಎಲ್ಲ ಮರೆಯುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ನನಗಾಗಿ ಬೇರೆ ಡಬ್ಬಿಯಲ್ಲಿ ಬದನೆಕಾಯಿ ಸಾಲನ್ ತರುತ್ತಿದ್ದರು, ಹುಣಸೆಹಣ್ಣು ಶೇಂಗಾ ಅರೆದು ಹಾಕಿದ್ದು. ನಾನು ಬೇಡವೆಂದರೆ ಒಂದು ಚಮಚ, ಸಾಕೆಂದರೆ ಇನ್ನೊಂದು ಚಮಚ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಬಡಿಸುತ್ತಿದ್ದರು.

"ಆಪಾ, ನಿಮಗ ಕಟ್-ಆಫ್ ಇಲ್ಲೇನ್ರಿ? ನಾ ಊದಿಕೊಂಡು ಹೊತ್ಕೋತೀನಿ ಈಗ."

"ನೀನು ಬ್ಯಾಟರಿ ಅಲ್ಲ, ತಿನ್ನು. ಪೀಜಿಯಲ್ಲಿ ಆ ನೀರು ಸಾರು ಕುಡಿದು ಕುಡಿದು ಹೆಂಗಾಗಿದೀಯಾ ನೋಡು."

ಅದಕ್ಕೆ ಪ್ರತಿಯಾಗಿ ನಾನು ಊರಿನಿಂದ ತಂದ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಅವರ ಪಾಲಾಗುತ್ತಿತ್ತು. ರೊಟ್ಟಿಯನ್ನು ಕಟುಂ ಎಂದು ಮುರಿಯುವ ಸದ್ದು ಕೇಳಿ, "ಇದನ್ನ ಮುರಿದ್ರೆ ಕೆಳಗಿನ ಲೇತ್‌ನವರು ಕಂಪ್ಲೇಂಟ್ ಮಾಡ್ತಾರೆ" ಎಂದು ರೇಗಿಸುತ್ತಿದ್ದರು. ರೇಗಿಸುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದರು.

ಬೋರ್ಡುಗಳೊಡನೆ ಅವರು ಮಾತಾಡುತ್ತಿದ್ದರು. ಹಟ ಹಿಡಿದ ಬೋರ್ಡನ್ನು ಬೈಯುವಾಗ ಉರ್ದು: "ಕೈಕು ಸತಾರಾ ರೇ ತೂ, ಯಾಕೆ ಕಾಡ್ತೀಯಾ" ಎಂದು ಶುರುವಾಗಿ ನನಗೆ ಅರ್ಥವಾಗದ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅದೇ ಬೋರ್ಡು ಕೆಲಸ ಮಾಡಿದೊಡನೆ ಕನ್ನಡ: "ಆಹಾ, ಎದ್ದು ಕೂತ್ಕೊಂಡ ನೋಡು ರಾಜ." ಹೀಗೇಕೆ ಎಂದು ಕೇಳಿದೆ. "ಬೈಯೋದು ಮನೆ ಮಾತಲ್ಲಿ ಬೈಬೇಕು. ಹೊಗಳೋದು ನಾಲ್ಕು ಜನಕ್ಕೆ ಅರ್ಥ ಆಗೋ ಮಾತಲ್ಲಿ ಹೊಗಳ್ಬೇಕು" ಎಂದರು. ಹೊಗಳಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕೆಳಗಿನ ಅಂಗಡಿಯವನಿಗೆ ಎಲ್ಲರಿಗೂ ಟೀ ಹೇಳುತ್ತಿದ್ದರು. ಬೋರ್ಡು ಎದ್ದ ದಿನ ಲೇತ್ ಶೆಡ್ಡಿನವರಿಗೂ ಟೀ.

ಅವರಿಗೆ ನಿಜವಾದ ಸಿಟ್ಟು ಬರುತ್ತಿದ್ದುದು ಒಂದೇ ಒಂದು ಮಾತಿಗೆ. ಚಾರ್ಜರ್ ನಿಂತಾಗ, ಯಾಕೆ ನಿಂತಿತು ಎಂದು ನೋಡದೆ, "ಆ ಬಿಸಿ ನೋಡೋ ಸೆನ್ಸರ್ ವೈರ್ ಕಿತ್ತು ಡೈರೆಕ್ಟ್ ಕೊಟ್ಬಿಡಿ" ಎನ್ನುವ ಮಾತಿಗೆ. ಹಾಗೆಂದವರು ಯಾರೇ ಆಗಿರಲಿ, ಅವತ್ತು ಅವರಿಗೆ ಆಪಾರ ಕೈಯಿಂದ ಟೀ ಇಲ್ಲ. ಈ ಸಿಟ್ಟಿನ ಪೂರ್ತಿ ಬೆಲೆ ನನಗೆ ಗೊತ್ತಾದದ್ದು ಒಂದು ಆಯುಧಪೂಜೆಯ ದಿನ.

ಆ ವರ್ಷ ಎಲೆಕ್ಟ್ರಿಕ್ ಆಟೋಗಳಿಗೆ ಚಾರ್ಜರ್ ಮಾಡುವ ಅವಕಾಶ ನಮಗೆ ಬಂದಿತ್ತು. ಆಟೋ ಮಾಡುವ ಕಂಪನಿಯೊಂದು ನಮ್ಮ ಚಾರ್ಜರ್ ಪರೀಕ್ಷಿಸಿ, ಒಪ್ಪಿಗೆಯಾದರೆ ತಮ್ಮ ಗಾಡಿಗಳಿಗೆಲ್ಲ ಅದನ್ನೇ ಹಾಕುತ್ತೇವೆ ಎಂದಿತ್ತು. ಮಾಲೀಕರಿಗೆ ಅರ್ಧ ಮನಸ್ಸು. ಸಿದ್ಧ ಚಾರ್ಜರುಗಳನ್ನು ಹೊರಗಿನಿಂದ ತರಿಸಿ ಮೇಲೆ ನಮ್ಮ ಸ್ಟಿಕರ್ ಅಂಟಿಸಿ ಮಾರಿದರೆ ತಲೆನೋವಿಲ್ಲ ಎಂಬುದು ಅವರ ಲೆಕ್ಕಾಚಾರ. ಹಾಗಾದರೆ ಡಿಸೈನ್ ರೂಮು ಬೇಕಾಗುವುದಿಲ್ಲ. ನಾನು ಸರ್ವಿಸ್ ಕೌಂಟರಿಗೆ, ಆಪಾ ಮನೆಗೆ. ಆಪಾ ಮಾಲೀಕರನ್ನು ಒಪ್ಪಿಸಿ, "ಇದೊಂದ್ಸಲ ನೋಡಿ ಸಾರ್. ಆಗ್ಲಿಲ್ಲ ಅಂದ್ರೆ ನಿಮ್ಮಿಷ್ಟ" ಎಂದಿದ್ದರು.

ಅವರಿಗೆ ಅದು ಬರೀ ಕೆಲಸ ಉಳಿಸಿಕೊಳ್ಳುವ ಮಾತಾಗಿರಲಿಲ್ಲ. ಡಿಪ್ಲೊಮಾ ಮುಗಿಸಿದಾಗಿನಿಂದ ಅವರು ಬೇರೆ ಬೇರೆ ಕಂಪನಿಗಳಲ್ಲಿ ಬೇರೆಯವರು ಮಾಡಿದ ಬೋರ್ಡುಗಳ ತಪ್ಪು ತಿದ್ದುತ್ತ ಬಂದವರು. ಮೊದಲ ಗೆರೆಯಿಂದ ಕೊನೆಯ ಸ್ಕ್ರೂವಿನವರೆಗೆ ತನ್ನದೇ ಎನ್ನಬಹುದಾದ ಚಾರ್ಜರ್ ಇದೊಂದೇ. ನಿವೃತ್ತಿ ಹತ್ತಿರವಿತ್ತು. ಇನ್ನೊಂದು ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪರೀಕ್ಷೆಗೆ ಆರಿಸಿದ್ದು ಗೊರಗುಂಟೆಪಾಳ್ಯದ ಒಂದು ಆಟೋ ಸ್ಟ್ಯಾಂಡು. ಅಲ್ಲಿನ ಏಳೆಂಟು ಎಲೆಕ್ಟ್ರಿಕ್ ಆಟೋಗಳ ಮಗ್ಗುಲಿಗೆ ನಮ್ಮ ಚಾರ್ಜಿಂಗ್ ಬಾಯಿ ಕೂರಿಸಿ, ಸ್ಟ್ಯಾಂಡಿನ ಪಕ್ಕದ ಶೆಡ್ಡಿನಲ್ಲಿ ನಮ್ಮ ಚಾರ್ಜರುಗಳನ್ನು ಇಟ್ಟೆವು. ಬಾಯಿಯಲ್ಲಿ ಕರೆಂಟು ಹೋಗುವ ದಪ್ಪ ಪಿನ್ನುಗಳು, ಅವುಗಳ ಪಕ್ಕದಲ್ಲಿ ಬ್ಯಾಟರಿಯ ಬಿಸಿಯ ಸುದ್ದಿ ತರುವ ಸೆನ್ಸರಿನ ಸಣ್ಣ ಪಿನ್ನುಗಳು. ಮೇಲೊಂದು ಮುಚ್ಚಳ. ಬ್ಯಾಟರಿ ಬಿಸಿ ಎಂದು ಸೆನ್ಸರ್ ಹೇಳಿದರೆ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿ ಕರೆಂಟು ನಿಲ್ಲುತ್ತದೆ. ದಸರೆಯವರೆಗೆ ಒಂದೇ ಒಂದು ತಕರಾರು ಬರಲಿಲ್ಲ. ವಿಜಯದಶಮಿ ಮುಗಿದ ಮರುದಿನ ಆಟೋ ಕಂಪನಿಯವರು ಬಂದು ನೋಡುವುದೆಂದು ನಿಶ್ಚಯವಾಯಿತು.

ಆಯುಧಪೂಜೆಯ ದಿನ ನಮ್ಮ ಕಂಪನಿಯಲ್ಲೂ ಪೂಜೆ. ಕುಂಬಳಕಾಯಿ ಒಡೆದಾಗಿತ್ತು. ಎಲ್ಲರೂ ಸಿಹಿ ಡಬ್ಬಿ, ಪುರಿ ಪೊಟ್ಟಣ ಹಿಡಿದು ಮನೆಗೆ ಹೊರಡುವ ಹೊತ್ತು. ಆಪಾ ಪುರಿಗೆ ಈರುಳ್ಳಿ ಕೊತ್ತಂಬರಿ ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡುತ್ತಿದ್ದರು. ಆಗ ಮಾಲೀಕರ ಫೋನು ಹೊಡೆದುಕೊಂಡಿತು. ಸ್ಟ್ಯಾಂಡಿನ ಹಿರಿಯ ಡ್ರೈವರು. ಬೆಳಗ್ಗೆ ಪೂಜೆ ಮುಗಿಸಿ ಚಾರ್ಜಿಗೆ ಹಾಕಿದರೆ ಯಾವ ಗಾಡಿಯೂ ಚಾರ್ಜ್ ಆಗುತ್ತಿಲ್ಲ, ಎಲ್ಲದರಲ್ಲೂ ಕೆಂಪು ದೀಪ.

ಮಾಲೀಕರು ಫೋನು ಕೆಳಗಿಟ್ಟು, "ಆಪಾ, ನಾಡಿದ್ದು ಅವರು ಬರ್ತಾರೆ. ಇವತ್ತು ಸರಿ ಹೋಗ್ಲಿಲ್ಲ ಅಂದ್ರೆ ನಾನೇ ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ. ಅವ್ರ ಮುಂದೆ ಮರ್ಯಾದೆ ಕಳ್ಕೊಳ್ಳೋಕ್ಕಾಗಲ್ಲ" ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾವಿಬ್ಬರೂ ಟೂಲ್ ಬ್ಯಾಗ್ ಹಿಡಿದು ಮೆಟ್ರೋ ಹತ್ತಿದೆವು. ಹಬ್ಬದ ಜನ, ಹೂವಿನ ಬುಟ್ಟಿಗಳು. ಆಪಾ ಕಲಸಿದ ಪುರಿಯನ್ನು ಡಬ್ಬಿಗೆ ತುಂಬಿ ತಂದಿದ್ದರು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ಊಟದ ಡಬ್ಬಿ ತೆರೆಯದೆ ಕೂತದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ.

ಸ್ಟ್ಯಾಂಡಿನಲ್ಲಿ ಆಟೋಗಳು ಮದುಮಕ್ಕಳ ಹಾಗೆ ನಿಂತಿದ್ದವು. ಚೆಂಡುಹೂವಿನ ಹಾರ, ಎರಡೂ ಕಡೆ ಬಾಳೆಕಂದು, ಗಾಜಿನ ಮೇಲೆ ಶ್ರೀಗಂಧದ ಪಟ್ಟೆ. ಇಷ್ಟೆಲ್ಲ ಶೃಂಗಾರ, ಒಂದೂ ಅಲುಗಾಡುವ ಹಾಗಿಲ್ಲ. ಹಿರಿಯ ಡ್ರೈವರು ನೆಲಮಂಗಲದ ಕಡೆಯವರು, ಹೊಸ ಖಾಕಿ ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ್ ಮೇಡಂ, ಅಬ್ಬದ್ ದಿನವೇ ಇಂಗ್ ಮಾಡ್ಬುಡ್ತಲ್ಲ ನಿಮ್ ಚಾರ್ಜರ್ರು. ಮಧ್ಯಾಹ್ನದ್ ಮ್ಯಾಕೆ ಒಳ್ಳೆ ಬಾಡಿಗೆ ಇತ್ತು."

ಆಪಾ ಅವರಿಗೆ ನಮಸ್ಕಾರ ಹೇಳಿ ನೇರ ಮೊದಲ ಆಟೋದ ಬಳಿ ಹೋದರು. ಸೀಟು ಎತ್ತಿಸಿ, ಕೈ ಮಗುಚಿ ಬ್ಯಾಟರಿಯ ಮೈ ಮುಟ್ಟಿದರು. ತಣ್ಣಗೆ. ಎರಡನೆಯದು ತಣ್ಣಗೆ. ಮೀಟರೂ ಅದನ್ನೇ ಹೇಳಿತು. ಬ್ಯಾಟರಿ ತಣ್ಣಗಿದೆ, ಚಾರ್ಜರ್ ಮಾತ್ರ ಜ್ವರ ಎನ್ನುತ್ತಿದೆ. ಅಷ್ಟರಲ್ಲಿ ಮಾಲೀಕರ ಫೋನು ಬಂತು. ಆಪಾ ಸ್ಪೀಕರಿಗೆ ಹಾಕಿ ನನ್ನ ಕೈಗೆ ಕೊಟ್ಟರು, ಅವರ ಎರಡೂ ಕೈ ವೈರುಗಳಲ್ಲಿದ್ದವು.

"ಬಿಸಿ ಇಲ್ಲ ತಾನೆ? ಹಾಗಾದ್ರೆ ಸೆನ್ಸರ್ ವೈರ್ ತೆಗೆದು ಡೈರೆಕ್ಟ್ ಮಾಡ್ಬಿಡಿ ಆಪಾ. ನಾಡಿದ್ದು ಕಳೀಲಿ, ಆಮೇಲೆ ನೋಡೋಣ."

ಡ್ರೈವರುಗಳೆಲ್ಲ ತಲೆಯಾಡಿಸಿದರು. ನನಗೂ ಒಂದು ಕ್ಷಣ ಅದೇ ಸರಿ ಎನ್ನಿಸಿತ್ತು. ಹತ್ತು ನಿಮಿಷದ ಕೆಲಸ, ಕೆಂಪು ದೀಪ ಹಸಿರಾಗುತ್ತದೆ, ರೂಮು ಉಳಿಯುತ್ತದೆ. ಆಪಾ ತಲೆ ಎತ್ತದೆ ಹೇಳಿದರು: "ಸಾರ್, ಇದು ಜನ ಕೂರೋ ಗಾಡಿ. ಜ್ವರ ನೋಡೋ ಕಣ್ಣು ಕಿತ್ತು ನಾನು ಊಟ ಹಾಕಲ್ಲ. ಬೇಡ ಅಂತ ಅವರಿಗೆ ಫೋನ್ ಮಾಡೋದಾದ್ರೆ ಮಾಡಿ. ವೈರ್ ಮಾತ್ರ ಕೀಳಲ್ಲ."

"ಸಂಜೆವರೆಗೂ ನೋಡಿ" ಎಂದು ಮಾಲೀಕರು ಫೋನಿಟ್ಟರು.

ಆಪಾ ಒಂದೊಂದೇ ಗಾಡಿಯನ್ನು ಪರೀಕ್ಷಿಸುತ್ತ ಹೋದರು. ಎಲ್ಲದರಲ್ಲೂ ಅದೇ ಕತೆ. ಕೊನೆಯಲ್ಲಿ, ಸ್ವಲ್ಪ ದೂರ, ಹೂವಿಲ್ಲದ ಹಾರವಿಲ್ಲದ ಒಂದು ಆಟೋ ಮುಖ ಬಾಡಿಸಿಕೊಂಡು ನಿಂತಿತ್ತು. ಅದಕ್ಕೆ ಚಾರ್ಜರ್ ಚುಚ್ಚಿದರೆ ಹಸಿರು ದೀಪ. ಬೇರೆ ಚಾರ್ಜರ್ ತಂದು ಚುಚ್ಚಿದರೂ ಹಸಿರು ದೀಪ. ಆಪಾರ ಹುಬ್ಬು ಮೇಲೆ ಹೋಯಿತು.

"ಇದು ಬೆಳಗ್ಗೆಯಿಂದ ಓಡಿಲ್ವಾ?" ಎಂದು ಅದರ ಡ್ರೈವರನ್ನು ಕೇಳಿದರು.

"ಓಡಿದೆ ಮೇಡಂ. ಎಲ್ರಿಗಿಂತ ಜಾಸ್ತಿ ಓಡಿದೆ. ನಮ್ಮನೇಲಿ ಸೂತಕ, ದೊಡ್ಡಪ್ಪ ತೀರ್ಕೊಂಡ್ರು. ಪೂಜೆ ಮಾಡಂಗಿಲ್ವಲ್ಲ, ಅದ್ಕೆ ಡ್ಯೂಟಿ ಮಾಡ್ತಿದ್ದೆ."

ಆಪಾ "ಅಯ್ಯೋ ಪಾಪ" ಎಂದು ಮುಂದಿನ ವೈರಿಗೆ ಕೈ ಹಾಕಿದರು. ಅವರಿಗೆ ಅದೊಂದು ಸಾವಿನ ಸುದ್ದಿ ಅಷ್ಟೇ. ನನ್ನ ತಲೆಯಲ್ಲಿ ಮಾತ್ರ ಏನೋ ಟಕ್ ಎಂದಿತು. ಸೂತಕದ ಮನೆಯ ಗಾಡಿಗೆ ಕುಂಕುಮವಿಲ್ಲ, ಹೂವಿಲ್ಲ, ಏನೂ ಇಲ್ಲ. ಕೆಟ್ಟ ಗಾಡಿಗಳಿಗೂ ಈ ಗಾಡಿಗೂ ಇರುವ ವ್ಯತ್ಯಾಸ ಪೂಜೆ ಒಂದೇ.

"ಆಪಾ, ತಡೀರಿ. ಪೂಜಿಯೊಳಗ ಏನೋ ಆಗೇತ್ರಿ" ಎಂದೆ. ಹಿರಿಯ ಡ್ರೈವರಿನ ಕಡೆ ತಿರುಗಿ, "ಅಣ್ಣಾರ, ನೀವು ಕುಂಕುಮ ಎಲ್ಲೆಲ್ಲಿ ಹಚ್ಚಿದ್ರಿ?" ಎಂದು ಕೇಳಿದೆ.

ಅವರು ಎದೆಯುಬ್ಬಿಸಿ ಹೇಳಿದರು. ಎಲ್ಲ ಗಾಡಿಗಳಿಗೂ ಅವರೇ ತಮ್ಮ ಕೈಯಾರೆ ಪೂಜೆ ಮಾಡಿದ್ದರು. ಹ್ಯಾಂಡಲ್ಲಿಗೆ, ಚಕ್ರಕ್ಕೆ, ಗಾಜಿಗೆ. "ಆಮೇಕೆ ಇಂಜಿನ್‌ಗೆ ಹಚ್ಚದೆ ಇದ್ರೆ ಆದೀತಾ? ಹಳೇ ಗಾಡೀಲಿ ಹಿಂದ್ಗಡೆ ಬಾಗ್ಲು ತೆಗುದ್ರೆ ಇಂಜಿನ್ ಕಾಣೋದು. ಇದ್ರಾಗೆ ಇಂಜಿನ್ನೇ ಇಲ್ವಲ್ಲ ತಾಯಿ. ಉಡುಕಿ ಉಡುಕಿ ಸಾಕಾಯ್ತು. ಕೊನೀಗೆ ಕರೆಂಟ್ ಓಗೋ ಬಾಯೇ ಇದರ ಜೀವ ಅಂತ ಅಲ್ಗೇ ಅರಿಶಿನ ಕುಂಕುಮ ಇಟ್ಟು, ನಿಂಬೆಅಣ್ಣು ಕುಯ್ದು ಇಂಡಿ, ದೃಷ್ಟಿ ತೆಗ್ದೆ."

ಮೊದಲ ಆಟೋಕ್ಕೆ ಬೆಳಗ್ಗೆಯಿಂದ ಚುಚ್ಚಿಯೇ ಇಟ್ಟಿದ್ದ ಪ್ಲಗ್ಗನ್ನು ಕಿತ್ತು ನಾನು ಆ ಬಾಯಿಯ ಹತ್ತಿರ ಮೂಗು ಒಯ್ದೆ. ನಿಂಬೆಹಣ್ಣಿನ ವಾಸನೆ ಗಮ್ಮೆಂದು ಬಂತು. ಅರಿಶಿನ ಕುಂಕುಮದ ಕೆಸರು ಸಣ್ಣ ಪಿನ್ನುಗಳ ಬುಡದಲ್ಲಿ ಕೂತಿತ್ತು. ಉಳಿದದ್ದನ್ನು ಹೇಳಲು ಆಪಾರಿಗೆ ಕ್ಷಣವೂ ಬೇಕಾಗಲಿಲ್ಲ. ನಿಂಬೆರಸದ ಮೂಲಕ ಕರೆಂಟು ಹರಿಯುತ್ತದೆ. ಸೆನ್ಸರಿನ ಎರಡು ಪಿನ್ನುಗಳ ನಡುವೆ ಅದು ಕಳ್ಳದಾರಿ ಮಾಡಿಕೊಟ್ಟಿದೆ. ಬ್ಯಾಟರಿ ಬಿಸಿಯಾದಾಗ ಬರುವಂಥದೇ ಸುದ್ದಿ ಚಾರ್ಜರಿಗೆ ಹೋಗಿದೆ, ಅದು ಬಾಯಿ ಮುಚ್ಚಿಕೊಂಡು ಕೂತಿದೆ.

ಆಪಾ ನೆಲದ ಮೇಲೆ ಕೂತು ನಗತೊಡಗಿದರು. ದುಪಟ್ಟಾದಿಂದ ಕಣ್ಣೊರೆಸಿಕೊಂಡು ನಕ್ಕರು. "ನಾನು ಇಪ್ಪತ್ತು ಥರ ತಪ್ಪು ಯೋಚ್ನೆ ಮಾಡಿ ಈ ಬೋರ್ಡ್ ಮಾಡಿದ್ದೆ ಬೇಟಾ. ಮಳೆ ನೀರು, ಧೂಳು, ಇಲಿ ಕಚ್ಚೋದು. ದೇವ್ರಿಗೆ ನಿಂಬೆಹಣ್ಣು ಹಿಂಡೋದು ಒಂದು ಹೊಳೀಲೇ ಇಲ್ಲ ನೋಡು."

ಇನ್ನು ತೊಳೆಯಬೇಕು. ಹಿರಿಯ ಡ್ರೈವರಿನ ಮುಖ ಸಣ್ಣದಾಯಿತು. ಹಬ್ಬದ ದಿನ ಇಟ್ಟ ಕುಂಕುಮ ಅಂದೇ ಅಳಿಸುವುದೇ? ಆಪಾ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ನೀನೇ ತೆಗಿ ಬೇಟಾ. ಹೆಂಗ್ ತೆಗೆದ್ರೆ ಅವರಿಗೆ ಬೇಜಾರಾಗಲ್ಲ ಅಂತ ನಿಂಗೇ ಗೊತ್ತು" ಎಂದರು. ನಾನು ಉಂಗುರಬೆರಳಿನಿಂದ ಆ ಕುಂಕುಮವನ್ನು ತೆಗೆದು, ಮುಚ್ಚಳದ ಹೊರಮೈಗೆ ಬೊಟ್ಟಿಟ್ಟು ಕೈ ಮುಗಿದೆ. "ಅಳಿಸಿಲ್ರಿ ಅಣ್ಣಾರ, ಜಾಗಾ ಬದಲ ಮಾಡೀನಿ ಅಷ್ಟ." ಅವರು ಸಮಾಧಾನದಿಂದ ತಲೆಯಾಡಿಸಿದರು. ಉಳಿದ ಗಾಡಿಗಳ ಬೊಟ್ಟುಗಳನ್ನು ಅವರೇ ಬದಲಿಸಿದರು.

ಸ್ಪಿರಿಟ್ ಹಾಕಿ ಪಿನ್ನುಗಳನ್ನು ಉಜ್ಜಿದೆವು. ಒಣಗಿಸಲು ಏನು ಮಾಡುವುದು? ಎದುರಿಗೆ ಒಂದು ಬ್ಯೂಟಿ ಪಾರ್ಲರ್ ಇತ್ತು, ಹಬ್ಬದ ಗಿರಾಕಿಗಳಿಗಾಗಿ ತೆರೆದಿತ್ತು. ಆಪಾ ಹೋಗಿ ಹೇರ್ ಡ್ರೈಯರ್ ಕೇಳಿ ತಂದರು. ಮದುಮಕ್ಕಳ ಹಾಗೆ ನಿಂತಿದ್ದ ಆಟೋಗಳಿಗೆ ಅವರು ಸಾಲಾಗಿ ಹೇರ್ ಡ್ರೈಯರ್ ಹಿಡಿಯುತ್ತ ಹೋದದ್ದನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಒಂದೊಂದು ಹಸಿರು ದೀಪ ಹತ್ತಿದಾಗಲೂ ಡ್ರೈವರುಗಳು ಸಿಳ್ಳೆ ಹೊಡೆದರು. ಕೊನೆಯದೂ ಹಸಿರಾದ ಮೇಲೆ ಆಪಾ ಪುರಿಯ ಡಬ್ಬಿ ತೆರೆದರು. ಮೆತ್ತಗಾಗಿದ್ದ ಆ ಪುರಿಯನ್ನು ನಾವೆಲ್ಲ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ತಿಂದೆವು. ಬೇಡ ಎಂದವರಿಗೂ ಅವರು ಬಡಿಸಿದರು.

ವಿಜಯದಶಮಿಯ ಮರುದಿನ ಆಟೋ ಕಂಪನಿಯವರು ಬಂದರು. ಎಲ್ಲ ಗಾಡಿಗಳೂ ಓಡುತ್ತಿದ್ದವು, ಸುಮ್ಮನಿದ್ದರೆ ಸಾಕಿತ್ತು. ಮಾಲೀಕರು ಕಣ್ಣಲ್ಲೇ ಸುಮ್ಮನಿರಿ ಎಂದರು. ಆಪಾ ಸುಮ್ಮನಿರಲಿಲ್ಲ. ಆಯುಧಪೂಜೆಯ ದಿನ ಇವೆಲ್ಲ ನಿಂತಿದ್ದವು ಎಂದು ತಾವಾಗಿಯೇ ಪೂರ್ತಿ ಕತೆ ಹೇಳಿದರು. ಬಂದವರಲ್ಲಿ ಹಿರಿಯರೊಬ್ಬರು ಗಂಭೀರವಾಗಿ ಕೇಳಿಸಿಕೊಂಡು, "ಅಂದ್ರೆ, ಅನುಮಾನ ಬಂದಾಗ ಇದು ನಿಂತ್ಬಿಡುತ್ತೆ. ನಮಗೆ ಬೇಕಾಗಿರೋದು ಅದೇ. ಆದ್ರೆ ಮುಂದಿನ ವರ್ಷ ಮತ್ತೆ ಹಬ್ಬ ಬರುತ್ತಲ್ಲ, ಏನ್ ಮಾಡ್ತೀರಾ?" ಎಂದರು.

"ಪಿನ್ ಸುತ್ತ ರಬ್ಬರ್ ಹಾಕ್ತೀವಿ" ಎಂದರು ಆಪಾ. "ಜೊತೆಗೆ ಮುಚ್ಚಳದ ಮೇಲೆ ಕುಂಕುಮ ಇಡೋಕೆ ಒಂದು ಗುಳಿ ಮಾಡ್ತೀನಿ."

"ಗುಳಿ ಯಾಕೆ? ಕುಂಕುಮ ಇಡಬಾರದು ಅಂತ ಬರೆದು ಅಂಟಿಸಿದ್ರಾಯ್ತು" ಎಂದರು ಮಾಲೀಕರು.

"ಜಾಗ ಕೊಡದೆ ಬರೀ ಇಡಬೇಡಿ ಅಂದ್ರೆ ಯಾರು ಕೇಳ್ತಾರೆ ಸಾರ್? ನೀವು ಕೇಳ್ತೀರಾ?"

ಮಾಲೀಕರ ಹಣೆಯ ಮೇಲೆ ಬೆಳಗಿನ ಪೂಜೆಯ ಕುಂಕುಮ ಇನ್ನೂ ಇತ್ತು. ಅವರು ನಕ್ಕುಬಿಟ್ಟರು. ಬಂದವರೂ ನಕ್ಕರು. ಆರ್ಡರ್ ಬಂತು, ಡಿಸೈನ್ ರೂಮು ಉಳಿಯಿತು, ಕಿಟಕಿಯಿಂದ ಇಡೀ ಬೀದಿಗೆ ಟೀ ಹೇಳಲಾಯಿತು.

ನಾನು ಅವರ ಋಣ ಎಂದು ಇಟ್ಟುಕೊಂಡಿರುವುದು ಅದರ ನಂತರದ ಒಂದು ಮಾತನ್ನು. ಮಾಲೀಕರು ಎಲ್ಲರೆದುರು ಆಪಾರನ್ನು ಹೊಗಳತೊಡಗಿದಾಗ ಅವರು ತಡೆದು, "ಬೋರ್ಡ್ ನಂದು ಸಾರ್. ರೋಗ ಕಂಡುಹಿಡಿದಿದ್ದು ಇವಳು. ನಾನು ಒಬ್ಬಳೇ ಹೋಗಿದ್ರೆ ಇವತ್ತಿಗೂ ಅಲ್ಲೇ ಕೂತಿರ್ತಿದ್ದೆ. ಇನ್ಮೇಲೆ ಡ್ರಾಯಿಂಗ್ ಮೇಲೆ ನನ್ನ ಸಹಿ ಪಕ್ಕ ಇವಳ ಸಹಿನೂ ಇರಬೇಕು" ಎಂದರು. ಅಲ್ಲಿಯವರೆಗೆ ನಾನು ಆ ರೂಮಿನ ಹುಡುಗಿ. ಅವತ್ತಿನಿಂದ ಇಂಜಿನಿಯರ್. ಸೂತಕ, ನಿಂಬೆಹಣ್ಣು, ಹಾಲಿನ ಸಪ್ಪಳ, ನನ್ನ ಮನೆಯಲ್ಲಿ ಕಲಿತದ್ದೆಲ್ಲ ವಿದ್ಯೆಯೇ ಎಂದು ನನಗೆ ಹೇಳಿಕೊಟ್ಟವರು ಅವರೊಬ್ಬರೇ. ಅವರಿಲ್ಲದಿದ್ದರೆ ನಾನು ನನ್ನೂರಿನ ಮಾತನ್ನೂ ರೂಢಿಯನ್ನೂ ಪೀಜಿಯ ಟ್ರಂಕಿನಲ್ಲಿ ಮುಚ್ಚಿಟ್ಟು ಆಫೀಸಿಗೆ ಹೋಗುತ್ತಿದ್ದೆನೇನೋ.

ಆಪಾ ನಿವೃತ್ತರಾಗಿ ಆರ್.ಟಿ. ನಗರದ ಮನೆಯಲ್ಲಿದ್ದಾರೆ. ನಿವೃತ್ತಿ ಎಂದರೆ ಬೀದಿಯ ಇನ್ವರ್ಟರುಗಳನ್ನೆಲ್ಲ ಬಿಚ್ಚಿಕೊಂಡು ಕೂರುವುದು. ಅವರ ಮೇಜಿನಲ್ಲಿ ಈಗ ನಾನು ಕೂರುತ್ತೇನೆ. ಮೊನ್ನೆ ಒಂದು ಭಾನುವಾರ ಅವರನ್ನು ನೋಡಲು ಹೋಗಿದ್ದೆ. ಊಟದಲ್ಲಿ ನನ್ನನ್ನು ಕೊಲ್ಲುವಷ್ಟು ಬಡಿಸಿ, ಅರಗಿಸಲು ಹೆಬ್ಬಾಳದ ಕೆರೆಯ ಕಡೆ ಹೋಗಿ ಬರೋಣ ಎಂದರು. ರಸ್ತೆಯಲ್ಲಿ ಕೈ ತೋರಿಸಿದ ಆಟೋ ಎಲೆಕ್ಟ್ರಿಕ್ಕು. ಹತ್ತುವಾಗ ಆಪಾ ಅದರ ಮಗ್ಗುಲಿನ ಮುಚ್ಚಳ ನೋಡಿ ನಿಂತರು. ಗುಳಿಯ ತುಂಬ ಕುಂಕುಮ, ಮೇಲೊಂದು ಕನಕಾಂಬರ. ಬಗ್ಗಿ ಬೆರಳಿನಿಂದ ಗುಳಿಯ ಅಂಚು ಸವರಿದರು.

"ಅಮ್ಮಾ, ಅಲ್ಲಿ ಮುಟ್ಟಬೇಡಿ" ಎಂದ ಡ್ರೈವರು, ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದವನು. "ಕೈಗೆ ಅಂಟುತ್ತೆ. ದೇವ್ರ ಜಾಗ ಅದು."

"ಇದನ್ನ ನೀನು ಮಾಡಿಸಿದ್ದೇನಪ್ಪಾ?"

"ಇಲ್ಲಮ್ಮ, ಕಂಪನಿಯಿಂದಲೇ ಹಿಂಗ್ ಬರುತ್ತೆ. ಬೇರೆ ಯಾವ ಗಾಡೀಲೂ ಇಲ್ಲ ಇದು. ಮಾಡಿದವರು ನಮ್ಮೋರೇ ಯಾರೋ ಇರಬೇಕು. ಇಲ್ದಿದ್ರೆ ಹೆಂಗ್ ಗೊತ್ತಾಗುತ್ತೆ ಹೇಳಿ."

ನಾನು ಬಾಯಿ ತೆರೆದೆ. ಅವನಿಗೆ ಹೇಳಿಬಿಡಬೇಕು, ಈಗಲೇ ಹೇಳಬೇಕು ಎಂದು ಗಂಟಲಿನವರೆಗೆ ಬಂದಿತ್ತು. ಆಪಾ ನನ್ನ ಕೈ ಹಿಡಿದು ಅದುಮಿದರು.

"ಹೌದಪ್ಪಾ. ನಮ್ಮೋರೇ ಇರಬೇಕು" ಎಂದರು.

ಹೆಬ್ಬಾಳ ಬರುವವರೆಗೂ ಅವರು ಆ ಬೆರಳನ್ನು ಒರೆಸಿಕೊಳ್ಳಲಿಲ್ಲ.